ಖಾನಾವಳಿಯ ಒಳಗೆ

ಗೋಕಾಕವೆಂದೊಡನೆ ಕಣ್ಣಿಗೆ ಘಟಪ್ರಭೆಯ ಧುಮುಕು, ಬಾಯಿಗೆ ಕರದಂಟು ನೆನಪಾಗುವುದು ರೂಢಿ. ನನಗೆ ನೆನಪಾಗುವುದು ಅಲ್ಲಿನ ಒಂದು ಹಳೆಯ ಖಾನಾವಳಿ. ಮರಾಠಿಯ ‘ಖಾನಾವಳ’ ನಮ್ಮಲ್ಲಿ ‘ಖಾನಾವಳಿ’ಯಾಗಿ ನೆಲೆಸಿದೆ. ಬೋರ್ಡು ಮಾಸಿದೆ, ಬೆಂಚು ಅಲುಗುತ್ತದೆ, ತಿನಿಸಿನ ಪಟ್ಟಿಯಿಲ್ಲ. ಹುಕ್ಕೇರಿ, ಮೂಡಲಗಿಗಳಿಂದ ಕೆಲಸಕ್ಕೆ ಬಂದವರ ಸಾಲಿನಲ್ಲಿ ಕುಳಿತರಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ತಾವಾಗಿಯೇ ಬರುತ್ತವೆ.

ದೋಷವನ್ನೂ ಹೇಳಬೇಕು: ಪಲ್ಯಕ್ಕೆ ಖಾರ ಹೆಚ್ಚು, ಅನ್ನ ಆರಿತ್ತು. ಆದರೆ ರೊಟ್ಟಿಯ ಮಾತೇ ಬೇರೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿ ಕೂಡಲೇ ಬಡಿಯಬೇಕು. ತಡವಾದರೆ ಅಂಚು ಬಿರಿಯುತ್ತದೆ. ಒಳಗೆ ಬಡಿಯುವ ಸದ್ದು ನಿಂತರೆ ಹೊರಗಿನ ಊಟವೂ ನಿಲ್ಲುತ್ತದೆ.

ಬೆಂಗಳೂರಿನಲ್ಲಿಯೂ ಈಗ ‘ಉತ್ತರ ಕರ್ನಾಟಕದ ಊಟ’ ಸಿಗುತ್ತದೆ. ನಾನು ಹೋದ ಕಡೆ ಗೋಡೆಯ ಮೇಲೆ ಎತ್ತಿನ ಬಂಡಿಯ ಚಿತ್ರ, ತಟ್ಟೆಯಲ್ಲಿ ಎಣಿಸಿಟ್ಟ ಎರಡು ರೊಟ್ಟಿ. ಇಲ್ಲಿ ಮಾತ್ರ, “ಇನ್ನೊಂದ್ ತಗೋರಿ ಸರ, ಬಿಸಿ ಐತಿ” ಎಂಬ ಒತ್ತಾಯ. ರೊಟ್ಟಿ ಚೆನ್ನಾಗಿದೆ ಎಂದೆ. ಬಡಿಸುತ್ತಿದ್ದವರು ನಕ್ಕರು: “ನಂದೇನೈತ್ರಿ? ಒಳಗಿನವರಿಗೆ ಹೇಳ್ರಿ.”

ಇಣುಕಿದೆ. ಒಲೆಯ ಮುಂದೆ ಇಬ್ಬರು ಹೆಂಗಸರು. ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲ. ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ದುಡಿಯುವವರ ಬದುಕನ್ನು ಕಾದಂಬರಿಗೆ ತಂದ ಬಸವರಾಜ ಕಟ್ಟೀಮನಿಯವರು ೧೯೧೯ರಲ್ಲಿ ಹುಟ್ಟಿದ್ದು ಇದೇ ತಾಲೂಕಿನ ಮಲಾಮರಡಿಯಲ್ಲಿ. ಆದರೂ ಊಟದ ರುಚಿಯ ಬಗೆಗೆ ನಾವು ಬರೆದದ್ದೆಲ್ಲ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದದ್ದೇ. ಈ ಬರಹವೂ ಅದಕ್ಕೆ ಹೊರತಲ್ಲ.