ಮೂರು ಕಿತ್ತಳೆ ಮರ, ಒಂದು ನೇರ ಗೆರೆ

ಪೈಲಟ್ ತರಬೇತಿಯಲ್ಲಿರುವ ಗೆಳೆಯನೊಬ್ಬ ಹೋದ ತಿಂಗಳು ಬೇಗೂರಿನ ನಮ್ಮ ಮನೆಗೆ ಬಂದಿದ್ದ. ಮೊಬೈಲಿನ ನಕ್ಷೆ ಅವನನ್ನು ಕೆರೆಯ ಆಚೆ ದಡಕ್ಕೆ ಮುಟ್ಟಿಸಿತ್ತು. ‘ನಾಗೇಶ್ವರ ದೇವಸ್ಥಾನದ ಹತ್ತಿರ ಬಂದು ನಿಲ್ಲು ಮಾರಾಯ’ ಎಂದು ಫೋನಿನಲ್ಲಿ ಹೇಳಿ ಕರೆಸಿಕೊಂಡೆ. ಕಾಫಿಯಾದ ಮೇಲೆ ಅವನು ತನ್ನ ಟ್ಯಾಬ್ಲೆಟ್ ತೆರೆದ. ಸಣ್ಣ ವಿಮಾನದಲ್ಲಿ ಅದನ್ನು ತೊಡೆಗೆ ಕಟ್ಟಿಕೊಂಡು ಕೂರುತ್ತಾನಂತೆ. ನಕ್ಷೆಯ ಮೇಲೆ ತನ್ನದೇ ವಿಮಾನದ ಪುಟ್ಟ ಗುರುತು, ಹೊರಟಲ್ಲಿಂದ ಸೇರುವಲ್ಲಿಗೆ ಕಡುಗುಲಾಬಿ ಬಣ್ಣದ ನೇರ ಗೆರೆ. ಮುಂದಿನ ಗುಡ್ಡ ವಿಮಾನದಷ್ಟೇ ಎತ್ತರದ್ದಾದರೆ ಅಷ್ಟು ಜಾಗ ಕೆಂಪಾಗುತ್ತದೆ. ಕಾಗದದ ನಕ್ಷೆ, ಪೆನ್ಸಿಲು, ಗಡಿಯಾರ ಹಿಡಿದು ಲೆಕ್ಕ ಹಾಕುವುದನ್ನೂ ಕಲಿಸುತ್ತಾರೆ. ‘ಬಿಸಿಲಿಗೆ ಇದು ಕಾದು ಆಫ್ ಆದರೆ?’ ಎಂದು ನಕ್ಕ.

ನನಗೆ ನೆನಪಾದದ್ದು ‘ಲಿಟಲ್ ಪ್ರಿನ್ಸ್’ ಬರೆದ ಸೇಂತ್ ಎಕ್ಸುಪೆರಿಯ ಇನ್ನೊಂದು ಪುಸ್ತಕ, 1939ರಲ್ಲಿ ಬಂದ ‘ವಿಂಡ್, ಸ್ಯಾಂಡ್ ಅಂಡ್ ಸ್ಟಾರ್ಸ್’. ಮೊದಲ ಸಲ ಅಂಚೆ ವಿಮಾನ ಹಾರಿಸುವ ಹಿಂದಿನ ರಾತ್ರಿ ಅವನು ಗೆಳೆಯ ಗಿಯೋಮೆಯ ಬಳಿ ಹೋಗುತ್ತಾನೆ. ಗಿಯೋಮೆ ದೀಪದ ಬೆಳಕಿನಲ್ಲಿ ಸ್ಪೇನಿನ ನಕ್ಷೆ ಹರಡಿ, ಊರು ನದಿಗಳ ಗೊಡವೆಗೇ ಹೋಗದೆ, ಒಂದು ಹೊಲದಂಚಿನ ಮೂರು ಕಿತ್ತಳೆ ಮರ, ಹುಲ್ಲಿನಡಿ ಅಡಗಿದ ತೊರೆ, ಗುಡ್ಡದ ಇಳಿಜಾರಿನ ಮೂವತ್ತು ಕುರಿಗಳ ವಿಷಯ ಹೇಳುತ್ತಾನೆ.

ಯಂತ್ರ ಬಂತು, ಅನುಭವ ಹೋಯಿತು ಎಂಬ ನಮ್ಮ ಮಾಮೂಲಿ ವಾದಕ್ಕೆ ಈ ಪುಟ ಬಹಳ ಅನುಕೂಲ. ಒಂದು ಸೆಮಿನಾರಿನಲ್ಲಿ ನಾನೂ ಹಾಗೇ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಅದು ಅವಸರದ ಓದು ಅನ್ನಿಸುತ್ತದೆ. ಗಿಯೋಮೆಯ ತೊರೆಯಾಗಲಿ ಕುರಿಗಳಾಗಲಿ ಚೆಲುವಿನ ವರ್ಣನೆಗಾಗಿ ಬಂದವಲ್ಲ. ಎಂಜಿನ್ ಕೈಕೊಟ್ಟು ಅಲ್ಲಿ ಇಳಿಯಬೇಕಾಗಿ ಬಂದರೆ ಪ್ರಾಣ ತೆಗೆಯುವಂಥವು. ಗೆಳೆಯನ ಪರದೆಯ ಕೆಂಪು ಬಣ್ಣದ ಕೆಲಸವೂ ಅದೇ.

ಸೆಮಿನಾರಿನಲ್ಲಿ ನಾನು ಜಾಣತನದಿಂದ ಬಿಟ್ಟಿದ್ದ ಅಧ್ಯಾಯವೊಂದಿದೆ. 1935ರ ಡಿಸೆಂಬರ್ ಕೊನೆಯಲ್ಲಿ, ಪ್ಯಾರಿಸ್‌ನಿಂದ ಸೈಗಾನಿಗೆ ಹೊರಟ ಸೇಂತ್ ಎಕ್ಸುಪೆರಿಗೆ ರಾತ್ರಿಯಲ್ಲಿ ತಾನೆಲ್ಲಿದ್ದೇನೆಂಬುದೇ ತಪ್ಪುತ್ತದೆ. ನೈಲ್ ದಾಟಿದೆನೆಂದುಕೊಂಡು ಕೆಳಗಿಳಿದು ಮರುಭೂಮಿಗೆ ಅಪ್ಪಳಿಸುತ್ತಾನೆ. ನೀರಿಲ್ಲದೆ ಅಲೆದ ಅವನನ್ನೂ ಮೆಕ್ಯಾನಿಕ್ ಪ್ರೆವೋನನ್ನೂ ಉಳಿಸಿದ್ದು ಒಬ್ಬ ಬೆದುವಿನ್. ತೊಡೆಯ ಮೇಲೆ ಆ ಪುಟ್ಟ ಗುರುತು ಇದ್ದಿದ್ದರೆ ಆ ಅಧ್ಯಾಯವೇ ಇರುತ್ತಿರಲಿಲ್ಲ. ಒಳ್ಳೆಯ ಗದ್ಯಕ್ಕಾಗಿ ಯಾರೋ ದಾರಿ ತಪ್ಪಲಿ ಎಂದು ಓದುಗ ಬಯಸುವುದು ಕ್ರೂರ, ನಾನು ಬಯಸಿದ್ದೆ.

ಹಾಗೆಂದು ನೇರ ಗೆರೆಯ ಬಗ್ಗೆ ನನ್ನ ತಕರಾರು ಪೂರ್ತಿ ಹೋಗಿಲ್ಲ. ಬೇಂದ್ರೆ ಕನ್ನಡಕ್ಕೆ ತಂದ ಮೇಘದೂತದಲ್ಲಿ ಯಕ್ಷ ಮೋಡಕ್ಕೆ ದಾರಿ ಹೇಳುತ್ತಾನಲ್ಲ, ಉತ್ತರಕ್ಕೆ ಹೋಗುವವನಿಗೆ ಸುತ್ತಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡ ಅನ್ನುತ್ತಾನೆ. ಹೆಂಡತಿಗೆ ಸುದ್ದಿ ಮುಟ್ಟಿಸುವ ತುರ್ತು ಅವನದೇ, ತಡ ಮಾಡಿಸುವವನೂ ಅವನೇ. ಇಂಧನವನ್ನು ಲೆಕ್ಕ ಹಾಕುವ ಯಾವ ಆ್ಯಪ್ ಹೀಗೆ ಹೇಳೀತು?

ಇದನ್ನೇ ಗೆಳೆಯನಿಗೆ ಅಂದೆ. ಅವನು ಮಾತಾಡದೆ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿದ. ಗೆರೆಯ ಪಕ್ಕ ಅವನೇ ಇಟ್ಟುಕೊಂಡ ಚುಕ್ಕೆಯೊಂದಿತ್ತು. ಮುಟ್ಟಿದರೆ ಎರಡೇ ಪದ: ‘ಹದ್ದುಗಳು, ಬೆಳಿಗ್ಗೆ’.

‘ಸೀನಿಯರ್ ಒಬ್ಬರು ಹೇಳಿದ್ದು’ ಅಂದ.