ಕೌಂಟರಿನ ಹಿಂದಿನ ಆಟಗಾರ

ಬಾಸ್ಕೆಟ್‌ಬಾಲ್ ಆಟಗಾರ ಅಧಿಕಾರಿಯಾದ ಕಥೆ ಮಂಗಳೂರಿನವರಿಗೆ ಹೊಸತಲ್ಲ. ಕಾಲೇಜು ತಂಡದಲ್ಲಿ ಮಿಂಚಿದ ಹುಡುಗ ವಿಶ್ವವಿದ್ಯಾಲಯದ ಪರ ಆಡುತ್ತಾನೆ, ರಾಜ್ಯ ತಂಡದ ಶಿಬಿರಕ್ಕೆ ಹೋಗುತ್ತಾನೆ, ಕ್ರೀಡಾ ಕೋಟಾದಲ್ಲಿ ಬ್ಯಾಂಕು ಸೇರುತ್ತಾನೆ. ಮೂವತ್ತು ದಾಟುವ ಹೊತ್ತಿಗೆ ಮೊಣಕಾಲು ಕೈಕೊಡುತ್ತದೆ. ನಲವತ್ತೈದರಲ್ಲಿ ಆತ ಯಾವುದೋ ಊರಿನ ಶಾಖೆಯ ಮ್ಯಾನೇಜರ್. ಮನೆಯವರಿಗೆ ಸಮಾಧಾನ, ನೆಂಟರಿಗೆ ಹೆಮ್ಮೆ. ಆಟದ ಮಟ್ಟಿಗೆ ಅವನ ಕಥೆ ಅಲ್ಲಿಗೆ ಮುಗಿಯಿತು. ಆಟಗಾರರಿಗೆ ಬ್ಯಾಂಕು ಅನ್ನ ಹಾಕಿದ ಈ ಪದ್ಧತಿಯನ್ನು ನಾವು ಹೊಗಳಿದ್ದೇವೆ, ಹೊಗಳಲೇಬೇಕು. ಅದು ಆಟಕ್ಕೆ ಏನು ಕೊಟ್ಟಿತು, ಏನನ್ನು ಕೊಡದೆ ಹೋಯಿತು ಎಂದು ತೂಗಿ ನೋಡಿದವರು ಕಡಿಮೆ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಪದ್ಧತಿಗೆ ಫಲವತ್ತಾದ ನೆಲ ಸಿಕ್ಕಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಬಂಟ ಕೃಷಿಕರನ್ನು ಜೊತೆಗೂಡಿಸಿ ಕಟ್ಟಿದ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಈ ಐದರಲ್ಲಿ ನಾಲ್ಕು 1969 ಮತ್ತು 1980ರ ರಾಷ್ಟ್ರೀಕರಣದಲ್ಲಿ ಸರ್ಕಾರದ ಕೈಸೇರಿದವು. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಎದುರಾಳಿಗಳು ಲೆಕ್ಕಕ್ಕಿಟ್ಟುಕೊಳ್ಳಬೇಕಾದ ತಂಡವಾಗಿತ್ತು. 2019ರ ಏಪ್ರಿಲ್ 1ರಂದು ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದಾಗ ತಂಡವೂ ಜೆರ್ಸಿ ಬದಲಿಸಿಕೊಂಡಿತು. ನಮ್ಮ ನೆಲದಲ್ಲಿ ಹುಟ್ಟಿದ ಹೆಸರೊಂದು ಅಂಕಪಟ್ಟಿಯಿಂದ ಅಳಿಸಿಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಪದ್ಧತಿಯ ಒಳ್ಳೆಯತನವನ್ನು ಮೊದಲು ಹೇಳಿಬಿಡುತ್ತೇನೆ. ಭಾರತದಲ್ಲಿ ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯುವಂಥ ವೃತ್ತಿಪರ ಲೀಗ್ ಎಂದೂ ನೆಲೆಯೂರಲಿಲ್ಲ. 2015ರಲ್ಲಿ ಶುರುವಾದ ಯುಬಿಎ ಲೀಗ್ ಕೆಲವೇ ಆವೃತ್ತಿಗಳಲ್ಲಿ ನಿಂತುಹೋಯಿತು. ಆಮೇಲೆ ಬಂದ ಐಎನ್‌ಬಿಎಲ್ ಇನ್ನೂ ಕಾಲೂರುತ್ತಿದೆ. ಇಂಥ ದೇಶದಲ್ಲಿ ರೈಲ್ವೆ, ಪೊಲೀಸ್, ಬ್ಯಾಂಕುಗಳೇ ವೃತ್ತಿಪರ ಕ್ಲಬ್ಬುಗಳಾದವು. ಬೆಳಗ್ಗೆ ಕೌಂಟರ್, ಮಧ್ಯಾಹ್ನದ ಮೇಲೆ ಅಭ್ಯಾಸ, ಟೂರ್ನಿಗೆ ವಿಶೇಷ ರಜೆ, ತಿಂಗಳ ಕೊನೆಗೆ ಸಂಬಳ, ಕೊನೆಗೆ ಪಿಂಚಣಿ. ಮಗ ಓದು ಬಿಟ್ಟು ಚೆಂಡಿನ ಹಿಂದೆ ಓಡುತ್ತಾನೆಂದು ಗೊಣಗುತ್ತಿದ್ದ ತಂದೆಯ ಬಾಯಿ ಮುಚ್ಚಿಸಿದ್ದು ಈ ಒಂದು ಭರವಸೆ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವುದರ ಹಿಂದೆಯೂ, ಓದು ಮುಗಿದ ಮೇಲೆ ಎಲ್ಲೋ ಒಂದು ಕ್ರೀಡಾ ಕೋಟಾ ಕಾದಿದೆ ಎಂಬ ನಂಬಿಕೆಯಿದೆ. ಆ ನೌಕರಿ ಇಲ್ಲದಿದ್ದರೆ ಕರಾವಳಿಯಲ್ಲಿ ಬಾಸ್ಕೆಟ್‌ಬಾಲ್ ಕಾನ್ವೆಂಟ್ ಶಾಲೆಗಳ ಅಂಗಳ ದಾಟುತ್ತಿರಲಿಲ್ಲ.

ಕೊರತೆ ಎಲ್ಲಿದೆ ಎಂಬುದು ಬಡ್ತಿಯ ಹೊತ್ತಿಗೆ ಕಾಣುತ್ತದೆ. ಗುಮಾಸ್ತ ಅಧಿಕಾರಿಯಾಗಬೇಕಾದರೆ ವರ್ಗಾವಣೆಗೆ ಒಪ್ಪಬೇಕು, ಅದೂ ಬಹುತೇಕ ಹೊರರಾಜ್ಯಕ್ಕೆ. ತಂಡ ಬೆಂಗಳೂರಿನಲ್ಲಿದೆ, ಪೋಸ್ಟಿಂಗ್ ಬಿಹಾರದಲ್ಲಿ. ಆಡುವ ಆಸೆ ಇರುವವನು ಬಡ್ತಿ ಬೇಡವೆಂದು ಬರೆದುಕೊಡುತ್ತಾನೆ. ಓರಗೆಯವರು ಸ್ಕೇಲ್ ಟೂ, ಸ್ಕೇಲ್ ತ್ರೀ ಏರುವಾಗ ಇವನು ಅಲ್ಲೇ ಉಳಿಯುತ್ತಾನೆ. ಬಡ್ತಿ ಒಪ್ಪಿದವನು ಆಟ ಬಿಡುತ್ತಾನೆ. ಸಂಸ್ಥೆಯೊಂದು ತಾನೇ ಆರಿಸಿ ತಂದ ಪ್ರತಿಭೆಯ ಮುಂದೆ ಇಂಥ ಆಯ್ಕೆ ಇಟ್ಟದ್ದು ಸರಿಯಲ್ಲ. ಬಡ್ತಿ ಪಡೆದವನನ್ನು ತಂಡದ ಮ್ಯಾನೇಜರನಾಗಿಯೋ ತರಬೇತುದಾರನಾಗಿಯೋ ಕೇಂದ್ರ ಕಚೇರಿಯಲ್ಲೇ ಉಳಿಸಿಕೊಳ್ಳುವುದನ್ನು ವಾಡಿಕೆಯಾಗಿ ಬೆಳೆಸಬಹುದಿತ್ತು. ಅದಾಗಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬ್ಯಾಂಕು ಸೇರಿದ ಆಟಗಾರ ಇಪ್ಪತ್ತು ವರ್ಷಗಳಲ್ಲಿ ಏನೆಲ್ಲ ಕಲಿಯುತ್ತಾನೆ ಎಂದು ಯೋಚಿಸಿ. ಸಾಲ ಕೇಳಿಬಂದವನ ಮುಖ ನೋಡಿ, ಕಾಗದ ನೋಡಿ, ಅವನು ತೀರಿಸುತ್ತಾನೋ ಇಲ್ಲವೋ ಎಂದು ಅಳೆಯುವುದು. ಆಡಿಟ್ ಬಂದಾಗ ಪ್ರತಿ ವೋಚರ್‌ಗೂ ಉತ್ತರ ಕೊಡುವುದು. ಕಡಿಮೆ ಸಿಬ್ಬಂದಿಯಲ್ಲಿ ಶಾಖೆ ನಡೆಸುವುದು, ಮೇಲಿನವರ ಗುರಿಯನ್ನೂ ಕೌಂಟರಿನ ಗದ್ದಲವನ್ನೂ ಒಟ್ಟಿಗೆ ನಿಭಾಯಿಸುವುದು. ಕ್ರೀಡಾ ಆಡಳಿತಗಾರನಿಗೆ ಬೇಕಾದದ್ದೂ ಇದೇ. ಅಂಗಳದ ಅನುಭವ ಮತ್ತು ಲೆಕ್ಕಪತ್ರದ ಶಿಸ್ತು ಎರಡೂ ಒಬ್ಬನಲ್ಲೇ ಇರುವಂಥ ಮಂದಿಯನ್ನು ನಮ್ಮ ಬ್ಯಾಂಕುಗಳು ತಮಗೆ ಗೊತ್ತಿಲ್ಲದೆಯೇ ತಯಾರು ಮಾಡಿದವು. ಜಿಲ್ಲಾ ಸಂಘದಿಂದ ರಾಷ್ಟ್ರೀಯ ಒಕ್ಕೂಟದವರೆಗೆ ಕುರ್ಚಿ ಹಂಚುವವರು ಅವರನ್ನು ಹುಡುಕಿ ಹೋದದ್ದು ತೀರಾ ಅಪರೂಪ.

ಒಳ್ಳೆಯ ಆಟಗಾರ ತಾನಾಗಿ ಒಳ್ಳೆಯ ಆಡಳಿತಗಾರನಾಗುತ್ತಾನೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಎನ್‌ಬಿಎ ಇತಿಹಾಸವೇ ಅದನ್ನು ಅಲ್ಲಗಳೆಯುತ್ತದೆ. ಜೆರ್ರಿ ವೆಸ್ಟ್ 1960ರಿಂದ 1974ರವರೆಗೆ ಲೇಕರ್ಸ್ ಪರ ಆಡಿ, ಅದೇ ತಂಡದ ಜನರಲ್ ಮ್ಯಾನೇಜರ್ ಆದವರು. 1996ರ ಬೇಸಿಗೆಯಲ್ಲಿ ಅವರು ತಂಡದ ಅನುಭವಿ ಸೆಂಟರ್ ವ್ಲಾಡೆ ಡಿವಾಕ್‌ರನ್ನು ಷಾರ್ಲೆಟ್ ತಂಡಕ್ಕೆ ಬಿಟ್ಟುಕೊಟ್ಟು, ಆಗಷ್ಟೇ ಹೈಸ್ಕೂಲ್ ಮುಗಿಸಿದ್ದ ಕೋಬಿ ಬ್ರಯಾಂಟ್‌ನನ್ನು ತಂದರು. ಡಿವಾಕ್ ಸಂಬಳದಿಂದ ಉಳಿದ ಹಣ ಶಕೀಲ್ ಓನೀಲ್‌ರನ್ನು ಕರೆತರಲು ಒದಗಿತು. 2000ದಿಂದ ಸತತ ಮೂರು ಪ್ರಶಸ್ತಿ ಬಂದದ್ದು ಈ ಬುನಾದಿಯ ಮೇಲೆ. ಅದೇ ಡಿವಾಕ್ ಮುಂದೆ ಸ್ಯಾಕ್ರಮೆಂಟೊ ಕಿಂಗ್ಸ್‌ನ ಜನರಲ್ ಮ್ಯಾನೇಜರ್ ಆದಾಗ, 2018ರ ಹೊಸ ಆಟಗಾರರ ಡ್ರಾಫ್ಟ್‌ನಲ್ಲಿ ಎರಡನೆಯ ಆಯ್ಕೆಯ ಹಕ್ಕು ಕೈಯಲ್ಲಿದ್ದೂ ಲೂಕಾ ಡಾನ್ಚಿಚ್‌ನನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿದರು. ಡಾನ್ಚಿಚ್ ಲೀಗಿನ ದೊಡ್ಡ ತಾರೆಯಾದ. 2020ರಲ್ಲಿ ಡಿವಾಕ್ ರಾಜೀನಾಮೆ ಕೊಟ್ಟರು. ಇನ್ನೊಂದೆಡೆ ನೈಜೀರಿಯಾದಲ್ಲಿ ಬೆಳೆದ ಮಸಾಯಿ ಉಜಿರಿ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಸಂಬಳವಿಲ್ಲದೆ ಪ್ರತಿಭೆ ಹುಡುಕುವ ಕೆಲಸದಿಂದ ಶುರುಮಾಡಿ, 2019ರಲ್ಲಿ ಟೊರಾಂಟೊ ತಂಡಕ್ಕೆ ಅದರ ಮೊದಲ ಪ್ರಶಸ್ತಿ ತಂದರು. ಆಟ ಬಲ್ಲವನಿಗೆ ಆಡಳಿತವನ್ನು ಬೇರೆಯಾಗಿಯೇ ಕಲಿಸಬೇಕು ಎಂಬುದಕ್ಕೆ ಈ ಮೂವರಿಗಿಂತ ಹೆಚ್ಚಿನ ಪುರಾವೆ ಬೇಡ. ನಮ್ಮಲ್ಲಿ ಆ ಕಲಿಕೆ ಶಾಖೆಗಳಲ್ಲಿ ಆಗಲೇ ಮುಗಿದಿತ್ತು ಎಂಬುದು ನನ್ನ ವಾದ.

ಕರಾವಳಿಯ ಮೂಲದ ಒಬ್ಬರು ಈ ದಾರಿಯನ್ನು ಪೂರ್ತಿ ನಡೆದು ತೋರಿಸಿದ್ದಾರೆ. ಆಟ ಬೇರೆ, ಬ್ಯಾಡ್ಮಿಂಟನ್. ಪ್ರಕಾಶ್ ಪಡುಕೋಣೆ ಬೆಳೆದದ್ದು ಬೆಂಗಳೂರಿನಲ್ಲಿ. ಮನೆತನದ ಬೇರು ಕುಂದಾಪುರದ ಬಳಿಯ ಪಡುಕೋಣೆಯಲ್ಲಿ. ಅಭ್ಯಾಸ ಶುರುವಾದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಾಗ ಅವರು ಯೂನಿಯನ್ ಬ್ಯಾಂಕಿನ ಉದ್ಯೋಗಿಯೂ ಹೌದು. ಆಟ ನಿಲ್ಲಿಸಿದ ಮೇಲೆ 1994ರಲ್ಲಿ ವಿಮಲ್ ಕುಮಾರ್ ಜೊತೆ ಅಕಾಡೆಮಿ ಕಟ್ಟಿದರು. 2001ರಲ್ಲಿ ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ ಜೊತೆ, ಒಲಿಂಪಿಕ್ಸ್‌ಗೆ ಸಿದ್ಧರಾಗುವ ಕ್ರೀಡಾಪಟುಗಳಿಗೆ ನೆರವಾಗುವ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಹುಟ್ಟುಹಾಕಿದರು. ನಡುವೆ, 90ರ ದಶಕದ ಕೊನೆಗೆ, ಬ್ಯಾಡ್ಮಿಂಟನ್ ಆಡಳಿತದ ವಿರುದ್ಧ ಬಂಡೆದ್ದ ಆಟಗಾರರ ಮುಂದಾಳಾದರು. ಅವರ ಸಾಧನೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಅಕಾಡೆಮಿ. ಪ್ರಾಯೋಜಕರನ್ನು ಹುಡುಕಿ, ತರಬೇತುದಾರರಿಗೆ ಸಂಬಳ ಕೊಟ್ಟು, ಮೂರು ದಶಕ ಬಾಗಿಲು ಮುಚ್ಚದೆ ನಡೆಸುವುದು ಆಲ್ ಇಂಗ್ಲೆಂಡ್ ಗೆಲ್ಲುವುದಕ್ಕಿಂತ ಸುಲಭದ ಕೆಲಸವಲ್ಲ. ಆದರೆ ಅವರು ಕಟ್ಟಿದ್ದೆಲ್ಲ ಒಕ್ಕೂಟದ ಹೊರಗೆ. ಒಳಗಿನ ವ್ಯವಸ್ಥೆ ತನ್ನ ಪಾಡಿಗೆ ಉಳಿಯಿತು. ಇದಕ್ಕೆ ಅವರನ್ನು ದೂರಲಾಗದು. ಆ ಮಟ್ಟದ ಹೆಸರಿದ್ದವರಿಗೂ ಒಳಗೆ ಕೂತು ಕೆಲಸ ಮಾಡುವುದು ದುಸ್ತರವಾಗಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಕ್ರಿಕೆಟ್‌ನಲ್ಲಿ ಅನಿಲ್ ಕುಂಬ್ಳೆ 2010ರಲ್ಲಿ ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಚುನಾವಣೆ ಗೆದ್ದೇ ಒಳಹೊಕ್ಕರು, ಒಂದೇ ಅವಧಿಗೆ ಹೊರಬಂದರು. ಬಾಸ್ಕೆಟ್‌ಬಾಲ್‌ನಲ್ಲಿ 2015ರಲ್ಲಿ ಬೆಂಗಳೂರಿನಲ್ಲೊಂದು, ಪುಣೆಯಲ್ಲೊಂದು ಸಭೆ ಸೇರಿ ಒಕ್ಕೂಟಕ್ಕೆ ಇಬ್ಬರು ಅಧ್ಯಕ್ಷರು ಬಂದರು. ಇಬ್ಬರೂ ಸಕ್ರಿಯ ರಾಜಕಾರಣಿಗಳು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಕೊನೆಗೆ ಬೆಂಗಳೂರಿನ ಬಣವನ್ನು ಮಾನ್ಯ ಮಾಡಿತು. ಆ ಬಳಿಕ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಏಷ್ಯಾ ಮಟ್ಟದ ಮಹಿಳಾ ಟೂರ್ನಿಗಳು ಒಂದರ ಹಿಂದೊಂದು ಬಂದವು. 2017ರಲ್ಲಿ ಭಾರತದ ಮಹಿಳೆಯರು ಅಲ್ಲೇ ಕಜಕಿಸ್ತಾನವನ್ನು ಮಣಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದರು. ರಾಜಕಾರಣಿಯ ಕೈಯಲ್ಲಿ ಕೆಲಸ ನಡೆಯುವುದೇ ಇಲ್ಲ ಎಂದರೆ ಅನ್ಯಾಯವಾದೀತು. ದೊಡ್ಡ ಟೂರ್ನಿ ತರುವುದರಲ್ಲಿ ಅವರು ನಿಪುಣರು. ಟೂರ್ನಿ ಇಲ್ಲದ ಹನ್ನೊಂದು ತಿಂಗಳನ್ನು ನೋಡಿಕೊಳ್ಳುವವರು ಬೇರೆ ಬೇಕು.

ಮಂಗಳೂರಿನಲ್ಲಿ ಆ ಹನ್ನೊಂದು ತಿಂಗಳಲ್ಲಿ ನಾಲ್ಕು ಮಳೆಯವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಶಾಲಾ ಕಾಲೇಜುಗಳ ಕೋರ್ಟ್‌ಗಳು ಬಹುಪಾಲು ಬಯಲಿನ ಸಿಮೆಂಟಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿದ ನೆಲದಲ್ಲಿ ತಿರುಗಿ ಓಡಿದವನ ಕಣಕಾಲು ಉಳಿಯುವುದಿಲ್ಲ. ಶಾಲೆ ಶುರುವಾಗಿ ಹೊಸ ಮಕ್ಕಳು ಚೆಂಡು ಹಿಡಿಯುವ ಸಮಯವೂ ಅದೇ. ಹಾಗಾಗಿ ಇಲ್ಲಿಯ ಬಾಸ್ಕೆಟ್‌ಬಾಲ್‌ನ ಮೊದಲ ಬೇಡಿಕೆ ಟ್ರೋಫಿಯದ್ದಲ್ಲ, ತಗಡಿನ ಮಾಡಿನದ್ದು. ಹತ್ತು ಸಂಸ್ಥೆಗಳು ಸೇರಿ ಒಂದು ಮಾಡು ಹಾಕಿಸಿ, ಸರದಿಯಲ್ಲಿ ಬಳಸುವ ಒಪ್ಪಂದ ಬರೆದು, ನಿರ್ವಹಣೆಗೆ ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ವಿದ್ಯುತ್ ಬಿಲ್ ಕಟ್ಟುವ ಯೋಜನೆ ಮಾಡಬೇಕಾದರೆ ಯಾರು ಬೇಕು? ಆ ನೆಲದ ಮೇಲೆ ಜಾರಿ ಬಿದ್ದು ಗೊತ್ತಿದ್ದವರು ಬೇಕು, ಠೇವಣಿ ಪತ್ರ ಬರೆದು ಗೊತ್ತಿದ್ದವರು ಬೇಕು. ಉರ್ವ, ಕದ್ರಿ, ಬಿಜೈಗಳಲ್ಲಿ ನಿವೃತ್ತರಾಗಿ ಕೂತಿರುವ ಬ್ಯಾಂಕ್ ಆಟಗಾರರು ಈ ಎರಡನ್ನೂ ಬಲ್ಲವರು. ಜಿಲ್ಲಾ ಪಂದ್ಯಾವಳಿಗಳಲ್ಲಿ ಅವರಿಗೆ ಸಿಗುವುದು ಸಾಮಾನ್ಯವಾಗಿ ವೇದಿಕೆಯ ಮೇಲೊಂದು ಶಾಲು. ಖಜಾಂಚಿಯ ಪುಸ್ತಕ ಸಿಗುವುದಿಲ್ಲ. ಹಣ ಕೊಟ್ಟವರು ಅಧ್ಯಕ್ಷರಾಗಲಿ, ತಕರಾರಿಲ್ಲ. ಲೆಕ್ಕ, ಆಯ್ಕೆ ಸಮಿತಿ, ವೇಳಾಪಟ್ಟಿ ಈ ಮೂರು ಆಡಿದವರ ಕೈಗೆ ಬರಬೇಕು.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಅಸಾಧಾರಣ ಸಾಧನೆಯ ಕ್ರೀಡಾಪಟುಗಳಿಗೆ ಸ್ಥಾನ ಕಡ್ಡಾಯ ಮಾಡಿದೆ. ಸ್ವಾಗತಾರ್ಹ. ಆದರೆ ಪದಕಗಳನ್ನಷ್ಟೇ ಸಾಧನೆಯೆಂದು ಎಣಿಸಿದರೆ, ರಾಜ್ಯಕ್ಕೆ ಹತ್ತು ವರ್ಷ ಆಡಿ ಇಪ್ಪತ್ತು ವರ್ಷ ಶಾಖೆ ನಡೆಸಿದ ವ್ಯಕ್ತಿ ಮತ್ತೆ ಹೊರಗೇ ಉಳಿಯುತ್ತಾನೆ. ಇತ್ತ ವಿಲೀನಗಳ ನಂತರ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿವೆ. ಒಂದು ಬ್ಯಾಂಕು ಇನ್ನೊಂದರಲ್ಲಿ ಕರಗಿದಾಗಲೆಲ್ಲ ಒಂದು ತಂಡದಷ್ಟು ಕ್ರೀಡಾ ನೌಕರಿಯ ಸಾಧ್ಯತೆ ಇಲ್ಲವಾಗುತ್ತದೆ. ಆಟವನ್ನೂ ಲೆಡ್ಜರನ್ನೂ ಒಟ್ಟಿಗೆ ಕಲಿತ ತಲೆಮಾರು ಈಗ ಅರವತ್ತರ ಆಸುಪಾಸಿನಲ್ಲಿದೆ. ಅವರನ್ನು ಕೆಲಸಕ್ಕೆ ಕರೆಯಲು ಜಿಲ್ಲಾ ಸಂಘಗಳಿಗೆ ಯಾವ ಕಾಯ್ದೆಯೂ ಬೇಕಿಲ್ಲ, ಮುಂದಿನ ವಾರ್ಷಿಕ ಸಭೆಯಲ್ಲೇ ಕರೆಯಬಹುದು.