ಜ್ವರ 103, ನಾಡಿ 72: ಒಂದು ಇಸಿಜಿಯ ವ್ಯಾಖ್ಯಾನ

ಟೈಫಾಯ್ಡಿನ ಎರಡನೇ ವಾರದಲ್ಲಿರುವ ಗಂಡಸೊಬ್ಬರ ಇಸಿಜಿ ವರದಿ ಹೀಗಿರಬಹುದು. ವಿವರಣೆಗೆಂದೇ ಕಟ್ಟಿದ ಮಾದರಿ ಇದು. ಆದರೆ ಇದರಲ್ಲಿನ ಬದಲಾವಣೆಗಳೆಲ್ಲ ಈ ಜ್ವರದಲ್ಲಿ ವೈದ್ಯರು ಕಂಡಿರುವಂಥವೇ.

“ಮೈ ಕಾವು 103 ಡಿಗ್ರಿ. ಬಡಿತ ನಿಮಿಷಕ್ಕೆ 72.”

ನಾಡಿ 72 ಎಂದೊಡನೆ ಮನೆಯವರಿಗೆ ಸಮಾಧಾನ. ವೈದ್ಯರಿಗೆ ಅನುಮಾನ ಶುರುವಾಗುವುದೇ ಇಲ್ಲಿ. ಕಾವು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು 10 ಏರಬೇಕೆಂಬುದು ಸ್ಥೂಲ ಲೆಕ್ಕ. 103ಕ್ಕೆ ಅದು 110ರ ಆಚೆ ಇರಬೇಕಿತ್ತು. ಜ್ವರಕ್ಕೆ ತಕ್ಕಂತೆ ನಾಡಿ ಏರದ ಈ ಸ್ಥಿತಿಯೇ ಸಾಪೇಕ್ಷ ಮಂದನಾಡಿ. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿಯ ಹೊರಪದರದಲ್ಲಿರುವ ಎಂಡೋಟಾಕ್ಸಿನ್, ಅದನ್ನೆದುರಿಸಲು ದೇಹ ಸುರಿಸುವ ಸೈಟೊಕೈನ್‌ಗಳು, ಇವು ಮಿಡಿತ ಹುಟ್ಟಿಸುವ ಸೈನಸ್ ಗಂಟಿನ ವೇಗವನ್ನು ತಗ್ಗಿಸುತ್ತವೆ ಎಂದು ಊಹಿಸಲಾಗಿದೆ. ಹಾಗೆಂದು ಇದು ಟೈಫಾಯ್ಡಿನ ಮುದ್ರೆಯಲ್ಲ. ಡೆಂಗಿಯಲ್ಲೂ ಕಾಣಬಹುದು, ಟೈಫಾಯ್ಡ್ ಬಂದ ಎಷ್ಟೋ ಜನರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಕಾಣದೆಯೂ ಇರಬಹುದು. ರೋಗಿ ಬಿಪಿಗೆಂದು, ನಾಡಿಯನ್ನೇ ತಗ್ಗಿಸುವ ಅಟೆನೊಲಾಲ್ ನುಂಗುತ್ತಿದ್ದರಂತೂ ಈ ಸಾಲನ್ನು ನಂಬುವಂತೆಯೇ ಇಲ್ಲ. ರೋಗ ಯಾವುದೆಂದು ಹೇಳಬೇಕಾದದ್ದು ರಕ್ತದ ಕಲ್ಚರ್.

“ಸೈನಸ್ ಲಯ.”

ಮಿಡಿತ ಹುಟ್ಟಬೇಕಾದ ಕಡೆಯೇ ಹುಟ್ಟುತ್ತಿದೆ. ಮುಂದಕ್ಕೆ ಹೋಗೋಣ.

“ಪಿಆರ್ ಅಂತರ 230 ಮಿಲಿಸೆಕೆಂಡ್.”

ಮೇಲಿನ ಹೃತ್ಕರ್ಣದಿಂದ ಹೊರಟ ವಿದ್ಯುತ್ತು ಕೆಳಗಿನ ಹೃತ್ಕುಕ್ಷಿ ಮುಟ್ಟಲು ಹಿಡಿದ ಹೊತ್ತು ಇದು. ಇಸಿಜಿ ಕಾಗದದ ಒಂದು ಸಣ್ಣ ಚೌಕವೆಂದರೆ 40 ಮಿಲಿಸೆಕೆಂಡ್. ಐದು ಚೌಕ ಮೀರಿದರೆ ಒಂದನೇ ದರ್ಜೆಯ ಬ್ಲಾಕ್. ಮಿಡಿತ ಒಂದೂ ತಪ್ಪಿಲ್ಲ, ತಡವಾಗಿದೆ ಅಷ್ಟೆ. ರೋಗಿಗೆ ಇದರ ಸುಳಿವೂ ಇರದು. ಆದರೂ ಹೃದಯದ ಸ್ನಾಯುವಿಗೆ ಉರಿಯೂತ ತಟ್ಟಿದೆಯೇ ಎಂದು ನೋಡಬೇಕು.

“ವಿ4ರಿಂದ ವಿ6ರವರೆಗೆ ಟಿ ಅಲೆ ಚಪ್ಪಟೆ.”

ಮಿಡಿದ ಹೃತ್ಕುಕ್ಷಿ ಸುಧಾರಿಸಿಕೊಳ್ಳುವುದನ್ನು ತೋರಿಸುವ ಅಲೆ ಟಿ; ಎದೆಯ ಎಡಗಡೆಯ ತಂತಿಗಳಲ್ಲಿ ಅದು ಮಲಗಿದೆ. ಅದೇ ಉರಿಯೂತ ಇದನ್ನೂ ಮಾಡಬಲ್ಲದು. ವಾಂತಿ ಭೇದಿಯಲ್ಲಿ ಪೊಟ್ಯಾಸಿಯಂ ಇಳಿದರೂ ಗೆರೆ ಹೀಗೇ ಮಲಗುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಶಕ್ತಿ ಈ ಕಾಗದಕ್ಕಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಏರುವ ಟ್ರೊಪೊನಿನ್, ಪೊಟ್ಯಾಸಿಯಂ ಎರಡನ್ನೂ ರಕ್ತದಲ್ಲಿ ಅಳೆಯಬೇಕು.

“ಕ್ಯುಟಿ 430, ಕ್ಯುಟಿಸಿ 471.”

ಇಡೀ ವರದಿಯಲ್ಲಿ ನನಗೆ ಮುಖ್ಯವೆನಿಸುವ ಸಾಲು ಇದೇ, ಏಕೆಂದರೆ ಇಲ್ಲಿ ರೋಗದ ಜೊತೆಗೆ ಚಿಕಿತ್ಸೆಯೂ ಕಟಕಟೆ ಹತ್ತುತ್ತದೆ. ಹೃತ್ಕುಕ್ಷಿ ಒಮ್ಮೆ ಮಿಡಿದು ಮುಂದಿನ ಮಿಡಿತಕ್ಕೆ ಸಜ್ಜಾಗುವವರೆಗಿನ ಕಾಲ ಕ್ಯುಟಿ. ಅದನ್ನು ಬಡಿತದ ವೇಗಕ್ಕೆ ಸರಿಹೊಂದಿಸಿದರೆ ಕ್ಯುಟಿಸಿ. ಹೆಚ್ಚಾಗಿ ಬಳಸುವ ಬ್ಯಾಜೆಟ್‌ನ ಸೂತ್ರ ನಾಡಿ ಓಡುವಾಗ ಉತ್ತರವನ್ನು ಉಬ್ಬಿಸುತ್ತದೆ, ಹಾಗಾಗಿ ಜ್ವರದಲ್ಲಿ ಬರುವ ದೊಡ್ಡ ಅಂಕಿಗಳನ್ನೆಲ್ಲ ನಂಬಬಾರದು. ಇಲ್ಲಿ ನಾಡಿ 72. ಆ ನೆಪ ನಡೆಯದು. ಗಂಡಸರ ಮಿತಿ 450, ಇದು ದಾಟಿದೆ. ದಾಟಿಸಿದ್ದು ಯಾರು? ಸೋಂಕು ಇರಬಹುದು, ಇಳಿದ ಪೊಟ್ಯಾಸಿಯಂ ಇರಬಹುದು. ಟೈಫಾಯ್ಡಿಗೆಂದೇ ಕೊಡುವ ಅಜಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಕೂಡ ಕ್ಯುಟಿಯನ್ನು ಉದ್ದ ಮಾಡುತ್ತವೆ. ವಾಂತಿ ನಿಲ್ಲಲೆಂದು ಕೊಡುವ ಆಂಡಾನ್ಸೆಟ್ರಾನ್ ಕೂಡ. ಒಂದೊಂದೇ ಆದರೆ ಸಾಮಾನ್ಯವಾಗಿ ತಡೆದುಕೊಳ್ಳಬಹುದು. ಎಲ್ಲ ಸೇರಿ 500 ದಾಟಿದರೆ ಟಾರ್ಸಾಡ್ ಎಂಬ ಮಾರಕ ಲಯಭಂಗದ ಅಪಾಯ ಬೆಳೆಯುತ್ತದೆ, ನಿಧಾನ ನಾಡಿ ಅದಕ್ಕೆ ಇನ್ನಷ್ಟು ಅನುಕೂಲ. ಚೀಟಿಯಲ್ಲಿರುವ ಎಲ್ಲ ಔಷಧಿಗಳನ್ನು ಒಟ್ಟಿಗೆ ಓದಬೇಕಾದದ್ದು ಈ ಸಾಲಿನ ಮುಂದೆಯೇ.

“ನಾಳೆ ಮತ್ತೆ ಇಸಿಜಿ.”

ಜ್ವರ ಇಳಿದಂತೆ ಈ ಬದಲಾವಣೆಗಳು ಬಹುಪಾಲು ಜನರಲ್ಲಿ ತಾವಾಗಿಯೇ ಮಾಯುತ್ತವೆ. ಅಷ್ಟರಲ್ಲಿ ಪೊಟ್ಯಾಸಿಯಂ ತುಂಬಿಕೊಟ್ಟು, ಬೇಡದ ಮಾತ್ರೆ ನಿಲ್ಲಿಸಿ, ಕ್ಯುಟಿಸಿ ಇಳಿಯಿತೇ ನೋಡಬೇಕು. ಪಿಆರ್ ಇನ್ನೂ ಉದ್ದವಾಗುತ್ತಿದ್ದರೆ ಅಥವಾ ಮಿಡಿತ ತಪ್ಪತೊಡಗಿದರೆ ರೋಗಿಯನ್ನು ಮಾನಿಟರ್ ಇರುವ ಹಾಸಿಗೆಗೆ ಸಾಗಿಸಬೇಕು.